ಅಪ್ಪೆಹುಳಿಗೆ ಸಿಕ್ಕ ಸೇಬು

ಶುಕ್ರವಾರ ಸಂಜೆ

ಆಯುಧಪೂಜೆ. ಅಮ್ಮ ಕಾರಿನ ಬಾನೆಟ್ಟಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು, "ಹ್ಞೂಂ, ಈಗ ಮುಂದೆ ತಗೊಳ್ಳಿ" ಅಂದಳು. ಎಲೆ ಗುಡಿಸುತ್ತಿದ್ದ ಎದುರುಮನೆಯವರು ಕೈ ನಿಲ್ಲಿಸಿ ನೋಡಿದರು. ಅವರ ಮೆಟ್ಟಿಲ ಮೇಲೆ ಕುಂಬಳಕಾಯಿ, ನಮ್ಮ ಮೆಟ್ಟಿಲ ಮೇಲೂ ಕುಂಬಳಕಾಯಿ. ಅವರದ್ದು ಹ್ಯಾಲೊವೀನ್‌ಗೆ, ನಮ್ಮದು ಒಡೆಯೋದಕ್ಕೆ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ವುಸ್ಟರ್ ಹತ್ತಿರ. ಅಪ್ಪ ಅಮ್ಮ ಸಾಗರದ ಕಡೆಯ ಹಳ್ಳಿಯವರು. ಅಪ್ಪನದು ಅಡಿಕೆ ತೋಟ. ಬೇಸಿಗೆಯಲ್ಲಿ ಬಂದಾಗಿನಿಂದ ಮಾಲು, ಮ್ಯೂಸಿಯಂ, ಬಾಸ್ಟನ್ ಬಂದರು ಎಲ್ಲ ತೋರಿಸಿದ್ದಾಯಿತು. ಎಲ್ಲದಕ್ಕೂ "ಚೆನ್ನಾಗಿದೆ" ಅನ್ನುತ್ತಿದ್ದರು, ಅಷ್ಟೇ. ಸೇಬಿನ ತೋಟಕ್ಕೆ ಹೋಗೋಣ ಅಂದಾಗ ಮಾತ್ರ "ಎಷ್ಟು ಎಕರೆ?" ಅಂತ ಕೇಳಿದರು.

ಅಕ್ಟೋಬರ್ ಎರಡನೇ ಸೋಮವಾರ ಇಲ್ಲಿ ರಜೆ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ. ಇಡೀ ನ್ಯೂ ಇಂಗ್ಲೆಂಡ್, ಅಂದರೆ ಅಮೆರಿಕದ ಈ ಈಶಾನ್ಯ ಮೂಲೆ, ಆ ಮೂರು ದಿನ ರಸ್ತೆ ಮೇಲಿರುತ್ತದೆ. ಅರ್ಧ ಜನ ಎಲೆಯ ಬಣ್ಣ ನೋಡಲಿಕ್ಕೆ, ಇನ್ನರ್ಧ ಆಪಲ್ ಪಿಕಿಂಗ್‌ಗೆ. ತೋಟದವರು ಒಂದು ಚೀಲ ಮಾರುತ್ತಾರೆ, ಅದರ ತುಂಬ ನಾವೇ ಮರದಿಂದ ಕೊಯ್ದುಕೊಳ್ಳಬೇಕು. ಅಂಗಡಿಗಿಂತ ಅಗ್ಗ ಅಂತೇನಿಲ್ಲ. ಅಪ್ಪನಿಗೆ ಈ ವ್ಯವಹಾರ ತಲೆಗೆ ಹತ್ತಲಿಲ್ಲ. "ಕೊಯ್ಯೋರೂ ನಾವೇ, ದುಡ್ಡು ಕೊಡೋರೂ ನಾವೇನಾ? ಅಡಿಕೆಗೂ ಹೀಗೇ ಯಾರಾದ್ರೂ ಬರ್ತಾರಾ ಕೇಳು."

ಶನಿವಾರ

ಬೆಳಿಗ್ಗೆ ಬನ್ನಿ ಬದಲು ಸಕ್ಕರೆ ಬಾಯಿಗೆ ಹಾಕಿಕೊಂಡು ಹೊರಟೆವು. ಹೊರಡುವ ಮುಂಚೆ ಎಲ್ಲರಿಗೂ ಉದ್ದ ಸಾಕ್ಸ್, ಪ್ಯಾಂಟು ಸಾಕ್ಸ್‌ನೊಳಗೆ. ಇಲ್ಲಿ ಹುಲ್ಲಿನಲ್ಲಿ ಉಣುಗಿನ ಕಾಟ, ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು ಅಂತ ವಿವರಿಸಲು ಹೋದೆ. "ಉಣುಗಿನ ವಿಷಯ ನಮಗೆ ಹೇಳಬೇಡ" ಅಂದಳು ಅಮ್ಮ. ನಿಜ. ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಡಾಕ್ಟರುಗಳ ಪುಸ್ತಕದಲ್ಲಿ ಅದರ ಹೆಸರಲ್ಲಿ ಕ್ಯಾಸನೂರು ಇದೆ. ಇಲ್ಲಿನ ಕಾಯಿಲೆಗೆ ಕನೆಕ್ಟಿಕಟ್‌ನ ಲೈಮ್ ಅನ್ನೋ ಊರಿನ ಹೆಸರು. ಎರಡೂ ಊರಿನವರಿಗೆ ಇದು ಬೇಕಿರಲಿಲ್ಲ ಪಾಪ.

290ನೇ ಹೆದ್ದಾರಿಯಿಂದ 495 ಹಿಡಿದು, ಬೋಲ್ಟನ್ ಹತ್ತಿರ ಇಳಿದು, 117ನೇ ರಸ್ತೆ. ಬೋಲ್ಟನ್, ಸ್ಟೋ, ಹಾರ್ವರ್ಡ್ ಈ ಊರುಗಳ ಸುತ್ತಮುತ್ತ ನಶೋಬಾ ವ್ಯಾಲಿ ಅಂತ ಕರೆಯುವ ಸೇಬಿನ ಸೀಮೆ. ಹಾರ್ವರ್ಡ್ ಅಂದರೆ ಇಲ್ಲೊಂದು ಪುಟ್ಟ ಊರು. ವಿಶ್ವವಿದ್ಯಾಲಯ ಇರೋದು ಕೇಂಬ್ರಿಡ್ಜ್‌ನಲ್ಲಿ. ಅಪ್ಪ ಊರಿನ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಯಾವ ವಿವರಣೆಯನ್ನೂ ಕೊಡದೆ ಸಾಗರದ ಗೆಳೆಯರ ಗುಂಪಿಗೆ ಕಳಿಸಿದರು.

ತೋಟದ ಬಾಗಿಲಲ್ಲಿ ಚೀಲದ ಲೆಕ್ಕ ಪೆಕ್ಕು, ಬುಷೆಲ್ಲಿನಲ್ಲಿ. ಒಂದು ಪೆಕ್ಕಿಗೆ ಹತ್ತು ಪೌಂಡು, ನಾಲ್ಕೂವರೆ ಕೆಜಿಯಷ್ಟು ಸೇಬು ಹಿಡಿಯುತ್ತದೆ. ನಾಲ್ಕು ಪೆಕ್ಕು ಸೇರಿದರೆ ಒಂದು ಬುಷೆಲ್. ಕೊಳಗ, ಸೇರಿನಲ್ಲಿ ಬೆಳೆದ ಅಪ್ಪನಿಗೆ ಇದು ಕೂಡಲೇ ಅರ್ಥವಾಯಿತು. ಒಂದು ಅರ್ಧ ಬುಷೆಲ್, ಒಂದು ಪೆಕ್ಕು ತಗೊಂಡೆವು. ಗಂಡ "ಅರ್ಧ ಪೆಕ್ಕು ಸಾಕಲ್ವಾ?" ಅಂದದ್ದು ಯಾರಿಗೂ ಕೇಳಿಸಲಿಲ್ಲ.

ಒಳಗೆ ಹೋದವರಿಗೆ ಮೊದಲು ಕಾಣುವುದು ಮರ ಎಷ್ಟು ಗಿಡ್ಡ ಅನ್ನೋದು. ಮಗಳ ಕೈಗೂ ಎಟುಕುತ್ತದೆ. ಏಣಿ ಬೇಕಿಲ್ಲ. ಅಪ್ಪ ನೇರ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತರು. ನೆಲದಿಂದ ಒಂದು ಗೇಣು ಮೇಲೆ ಕಾಂಡ ಗಂಟು ಕಟ್ಟಿ ಉಬ್ಬಿತ್ತು. ಅದನ್ನು ಹೆಬ್ಬೆರಳಲ್ಲಿ ಸವರಿ, "ಕಸಿ" ಅಂದರು. ಹೌದು, ಇಲ್ಲಿ ಎಲ್ಲವೂ ಕಸಿಯೇ. ಮರ ಗಿಡ್ಡ ಇರಲಿ ಅಂತಲೇ ಬೇರಿನ ಭಾಗಕ್ಕೆ ಬೇರೆ ತಳಿ ಇರುತ್ತದೆ. ಅಂಥ ಬೇರುತಳಿಗಳಲ್ಲಿ ಹೆಸರಾದವು ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಿಂದ ಬಂದವು. ಅವಕ್ಕೆ ಎಂ 9, ಎಂ 26 ಅಂತ ನಂಬರೇ ಹೆಸರು.

ಸೇಬಿನ ಬೀಜ ನೆಟ್ಟರೆ ತಾಯಿಮರದ ಹಣ್ಣು ಬರೋದಿಲ್ಲ. ಏನು ಬರುತ್ತೋ ಅದು ಬೀಜದ ಮರ್ಜಿ, ಬಹಳ ಸಲ ಹುಳಿ ಕಾಯಿ. ಅಪ್ಪ ಇದಕ್ಕೆ ಅಪ್ಪೆಮಿಡಿಯ ಉದಾಹರಣೆ ಕೊಟ್ಟರು. ಅನಂತಭಟ್ಟನ ಅಪ್ಪೆ ಅನ್ನೋ ತಳಿಯ ಪರಿಮಳ ಬೇಕಾದರೆ ಆ ಮರದ ಕುಡಿಯನ್ನೇ ಕಸಿ ಮಾಡಬೇಕು, ವಾಟೆ ನೆಟ್ಟು ಕಾಯುತ್ತ ಕೂರೋದು ಲಾಟರಿ. ಈ ತೋಟದಿಂದ ಸ್ವಲ್ಪ ದೂರದ ಲೆಮಿನ್‌ಸ್ಟರ್‌ನಲ್ಲಿ 1774ರಲ್ಲಿ ಹುಟ್ಟಿದ ಜಾನ್ ಚಾಪ್ಮನ್ ಅನ್ನುವವರು ಮಾತ್ರ ಕಸಿಯನ್ನು ಒಪ್ಪುತ್ತಿರಲಿಲ್ಲ. ಸಿಡರ್, ಅಂದರೆ ಸೇಬಿನ ರಸ, ಹಿಂಡುವ ಕಡೆ ಉಳಿದ ಚರಟದಿಂದ ಬೀಜ ಆರಿಸಿಕೊಂಡು, ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ ಕಡೆ ನಡೆದುಕೊಂಡೇ ಹೋಗಿ ಸಸಿಮಡಿ ಮಾಡಿದರು. ಜಾನಿ ಆಪಲ್‌ಸೀಡ್ ಅಂತ ಇಲ್ಲಿನ ಮಕ್ಕಳೆಲ್ಲ ಶಾಲೆಯಲ್ಲಿ ಓದುವುದು ಇವರನ್ನೇ. ಅವರ ಮರಗಳ ಸೇಬು ಹೆಚ್ಚಿನಂಶ ತಿನ್ನಲಿಕ್ಕಲ್ಲ, ಹುಳಿ ಬರಿಸಿ ಕುಡಿಯಲಿಕ್ಕೆ. ಮಗಳ ಪುಸ್ತಕದಲ್ಲಿ ಆ ಭಾಗ ಇಲ್ಲ.

ಕೊಯ್ಯುವುದಕ್ಕೂ ಒಂದು ಕ್ರಮ ಇದೆ. ಹಣ್ಣನ್ನು ಅಂಗೈಯಲ್ಲಿ ಕೂರಿಸಿ, ಮೇಲಕ್ಕೆ ಎತ್ತಿ, ಒಂಚೂರು ತಿರುಗಿಸಬೇಕು. ಬಲಿತಿದ್ದರೆ ತೊಟ್ಟು ಸಮೇತ ಟಿಕ್ ಅಂತ ಬಿಟ್ಟುಕೊಳ್ಳುತ್ತದೆ. ಬರಲಿಲ್ಲ ಅಂದರೆ ಇನ್ನೂ ಎಳಸು, ಬಿಟ್ಟುಬಿಡಬೇಕು. ಜಗ್ಗಿ ಎಳೆದರೆ ತೊಟ್ಟಿನ ಬುಡದ ಗಿಡ್ಡ ಕಡ್ಡಿಯೇ ಮುರಿದು ಬರುತ್ತದೆ. ಮುಂದಿನ ವರ್ಷದ ಮೊಗ್ಗು ಇರೋದು ಆ ಕಡ್ಡಿಯಲ್ಲೇ. ಬಿಸಿಲು ಬೀಳುವ ಹೊರಗಡೆಯ ಹಣ್ಣು ಮೊದಲು ಆಗುತ್ತದೆ, ಎಲೆಯ ಮರೆಯದ್ದು ನಿಧಾನ. ಪಕ್ಕದ ಸಾಲಿನಲ್ಲಿ ಯಾರೋ ಕೊಂಬೆ ಹಿಡಿದು ಅಲ್ಲಾಡಿಸುತ್ತಿದ್ದರು. ದಡದಡ ಹತ್ತು ಹಣ್ಣು ಉದುರಿತು, ಅವರು ಒಂದನ್ನು ಆರಿಸಿಕೊಂಡು ಮುಂದೆ ಹೋದರು. ಅಪ್ಪ ಆ ದಿನ ಸಿಟ್ಟಾದದ್ದು ಅದೊಂದಕ್ಕೇ.

ಮರದ ಮೇಲಿನ ಸೇಬು ಮಿಂಚುವುದಿಲ್ಲ. ಮೇಲೆ ಬೂದುಬಣ್ಣದ ತೆಳು ಮೇಣ ಇರುತ್ತದೆ, ಅಂಗಿಗೆ ಉಜ್ಜಿದರೆ ಕೆಂಪು ಹೊಳೆಯುತ್ತದೆ. ಮೊದಲ ಸಾಲು ಮೆಕಿಂಟಾಷ್. 1811ರಲ್ಲಿ ಕೆನಡಾದ ಆಂಟೇರಿಯೊದಲ್ಲಿ ಜಾನ್ ಮೆಕಿಂಟಾಷ್ ಅನ್ನೋ ರೈತರು ಕಾಡು ಕಡಿದು ಜಮೀನು ಮಾಡುವಾಗ ಸಿಕ್ಕ ಸಸಿಯಿಂದ ಬಂದ ತಳಿ. ತೆಳು ಸಿಪ್ಪೆ, ಒಳಗೆ ಬಿಳಿ ಅಂದರೆ ಬಿಳಿ, ಕಚ್ಚಿದರೆ ರಸ ಗದ್ದಕ್ಕೆ ಇಳಿಯುತ್ತದೆ. ಹುಳಿ ಮೊದಲು ಬಂದು ಸಿಹಿ ಹಿಂದೆ ಬರುತ್ತದೆ. ನಾವು ಚಿಕ್ಕವರಿದ್ದಾಗ ಮನೆಗೆ ಸೇಬು ಬರುತ್ತಿದ್ದುದು ಯಾರಿಗಾದರೂ ಹುಷಾರಿಲ್ಲದಾಗ. ವಾರಗಟ್ಟಲೆ ಪ್ರಯಾಣ ಮಾಡಿ ಹಿಟ್ಟುಹಿಟ್ಟಾದ ಹಣ್ಣು. ಅಪ್ಪ ಮೆಕಿಂಟಾಷ್ ಪೂರ್ತಿ ತಿಂದು, ನಡುವಿನ ದಿಂಡನ್ನು ಮರದ ಬುಡಕ್ಕೆ ಹಾಕಿ, "ಮತ್ತೆ ಅಲ್ಲಿ ತಿಂದದ್ದು ಎಂತ?" ಅಂದರು.

ಮುಂದಿನ ಸಾಲುಗಳು ಕಾರ್ಟ್‌ಲ್ಯಾಂಡ್, ಮಕೌನ್. ಎರಡೂ ಮೆಕಿಂಟಾಷ್‌ನ ಮಕ್ಕಳು, ಎರಡೂ ನ್ಯೂಯಾರ್ಕ್ ರಾಜ್ಯದ ಜಿನೀವಾ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದವು. ಮಕೌನ್ ಕಂಡರೆ ಇಲ್ಲಿನ ಹಳಬರಿಗೆ ಪ್ರಾಣ. ನನಗೂ ಅದೇ ಇಷ್ಟ. ಜನ ಮುಗಿಬಿದ್ದದ್ದು ಮಾತ್ರ ಹನಿಕ್ರಿಸ್ಪ್ ಸಾಲಿಗೆ. 1991ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ತಳಿ ಇದು. ಕಚ್ಚಿದರೆ ಕರಂ ಅನ್ನುತ್ತದೆ, ಸಿಹಿ ಇದೆ, ಅಷ್ಟೇ. ಶಬ್ದಕ್ಕೇ ಜಾಸ್ತಿ ದುಡ್ಡು ಕೊಡೋದು ನನಗಂತೂ ಒಪ್ಪಿಗೆಯಿಲ್ಲ. ಮಗಳಿಗೆ ಅದೇ ಬೇಕು ಅಂತ ಆರು ಹಣ್ಣು ಹಾಕಿದೆವು.

ಎಲೆ ಮೇಲೆ ಕಪ್ಪು ಚುಕ್ಕೆ ನೋಡಿ ಅಪ್ಪ ನಿಂತರು. ಟ್ರ್ಯಾಕ್ಟರ್ ಓಡಿಸುತ್ತಿದ್ದ ತೋಟದವರನ್ನೇ ಕೇಳಿದೆವು. ಸ್ಕ್ಯಾಬ್ ಅನ್ನುವ ಶಿಲೀಂಧ್ರವಂತೆ, ವಸಂತದಲ್ಲಿ ಮಳೆ ಜಾಸ್ತಿಯಾದರೆ ಹರಡುತ್ತದೆ, ಮೊಗ್ಗು ಒಡೆಯುವ ಮುಂಚೆ ತಾಮ್ರದ ಔಷಧಿ ಹೊಡೆಯುತ್ತಾರೆ. "ಮೈಲುತುತ್ತ!" ಅಂದರು ಅಪ್ಪ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದು ಹೊಡೆದು ಅವರ ಎಷ್ಟೋ ಅಂಗಿ ನೀಲಿಯಾಗಿವೆ. ಕೊಳೆರೋಗದ ಮೇಲೆ ಸಂಶೋಧನೆ ಮಾಡಿ, ಆ ದ್ರಾವಣವನ್ನು ಮಲೆನಾಡಿಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್, ಅವರೂ ಕೆನಡಾದವರೇ. ಅಲ್ಲಿಂದ ಮುಂದೆ ನನ್ನ ದುಭಾಷಿ ಕೆಲಸ ಮುಗಿಯಲೇ ಇಲ್ಲ. ಎಷ್ಟು ಸಲ ಹೊಡೀತೀರಿ, ಮಳೆ ಬಂದು ತೊಳೆದರೆ ಏನು ಮಾಡ್ತೀರಿ, ಜಿಂಕೆ ಬರುತ್ತಾ, ಆಳು ಸಿಗ್ತಾರಾ?

ಆಳು ಊರಲ್ಲಿ ಸಿಗೋದಿಲ್ಲವಂತೆ. ನ್ಯೂ ಇಂಗ್ಲೆಂಡಿನ ಬಹಳ ತೋಟಗಳಲ್ಲಿ ಕೊಯ್ಯಲು ಜಮೈಕಾದಿಂದ ಜನ ಹಂಗಾಮಿ ವೀಸಾ ಮೇಲೆ ಬರುತ್ತಾರೆ. ನಾವು ಹೋಗಬಾರದ ಆಚೆ ಸಾಲಿನಲ್ಲಿ ಅವರೇ ಕೊಯ್ಯುತ್ತಿದ್ದರು. ಹೆಗಲಿಗೆ ಪಟ್ಟಿ, ಹೊಟ್ಟೆಯ ಮುಂದೆ ಚೀಲ. ತುಂಬಿದ ಮೇಲೆ ಮರದ ಪೆಟ್ಟಿಗೆಯೊಳಗೆ ಬಗ್ಗಿ ಚೀಲದ ತಳ ಬಿಚ್ಚುತ್ತಾರೆ, ಹಣ್ಣು ಒಂದಕ್ಕೊಂದು ತಾಗದ ಹಾಗೆ ಮೆತ್ತಗೆ ಉರುಳುತ್ತದೆ. ಎರಡೂ ಕೈ ಒಟ್ಟಿಗೆ ಕೆಲಸ ಮಾಡುತ್ತದೆ. ನಾವು ಐದು ಜನ ಒಂದು ಗಂಟೆಯಲ್ಲಿ ತುಂಬಿದ್ದನ್ನು ಅವರಲ್ಲೊಬ್ಬರು ಮಾತಾಡುತ್ತಲೇ ತುಂಬಿದರು. "ಕೊನೆಗೌಡರು ಇವರು" ಅಂತ ಅಪ್ಪ ಅಮ್ಮನಿಗೆ ಪರಿಚಯ ಮಾಡಿಸಿದರು. ಊರಲ್ಲಿ ಅಡಿಕೆ ಕೊನೆ ಕೊಯ್ಯುವವರಿಗೆ ಆ ಹೆಸರು.

ಅಷ್ಟರಲ್ಲಿ ಅಮ್ಮ ಕಾಣೆ. ಹುಡುಕಿದರೆ ತೋಟದ ಹಿಂಬದಿ, ಯಾರೂ ಹೋಗದ ಸಾಲಿನಲ್ಲಿ, ಹಸಿರು ಸೇಬೊಂದನ್ನು ಕಚ್ಚಿ ಕಣ್ಣು ಚಿಕ್ಕದು ಮಾಡಿಕೊಂಡು ನಿಂತಿದ್ದಾಳೆ. ರೋಡ್ ಐಲ್ಯಾಂಡ್ ಗ್ರೀನಿಂಗ್ ಅಂತ ಬೋರ್ಡು. ಹದಿನೇಳನೇ ಶತಮಾನದಿಂದ ಇರುವ ತಳಿ, ಒಂದು ಕಾಲಕ್ಕೆ ಪೈ ಮಾಡುವವರ ಮೊದಲ ಆಯ್ಕೆ. ಈಗ ಅದರ ಹೆಸರು ಗೊತ್ತಿರುವವರೇ ಕಡಿಮೆ. ಅಮೆರಿಕದಲ್ಲಿರುವ ನಾವೆಲ್ಲ ಮಾವಿನಕಾಯಿ ಬದಲು ಗ್ರಾನಿ ಸ್ಮಿತ್ ತುರಿದು ಚಿತ್ರಾನ್ನ ಮಾಡಿದವರೇ. ಆದರೆ ಆಸ್ಟ್ರೇಲಿಯಾ ಮೂಲದ ಗ್ರಾನಿ ಸ್ಮಿತ್ ಬಲಿಯಲು ಉದ್ದದ ಬೇಸಿಗೆ ಬೇಕು, ಮ್ಯಾಸಚೂಸೆಟ್ಸ್‌ನ ಚಳಿ ಅಷ್ಟು ಕಾಯೋದಿಲ್ಲ. ಅಂಗಡಿಯಲ್ಲಿ ಸಿಗೋದು ದೂರದಿಂದ ಬಂದದ್ದು. ಇದು ಇಲ್ಲಿಯದೇ ಹುಳಿ.

"ಹೆಂಗಿದೆ?" ಅಂದೆ.

"ಅಪ್ಪೆಹುಳಿ ಆಗ್ತದೆ" ಅಂದಳು. ಅಪ್ಪೆಹುಳಿ ಅಂದರೆ ನಮ್ಮ ಕಡೆಯ ಮಾವಿನಕಾಯಿ ಸಾರು. ಪೆಕ್ಕು ಚೀಲ ಪೂರ್ತಿ ಈ ಹಸಿರು ಸೇಬಿಗೇ ಹೋಯಿತು.

ಸಾಲಿನ ಕೊನೆಗೆ ಇನ್ನೊಂದು ಮರ. ಗೋಲಿಗಿಂತ ಸ್ವಲ್ಪ ದಪ್ಪದ ಕೆಂಪು ಕಾಯಿ, ಗೊಂಚಲು ಗೊಂಚಲು. ಕ್ರ್ಯಾಬ್ ಆಪಲ್. ಸೇಬಿನ ಹೂವಿಗೆ ಬೇರೆ ತಳಿಯ ಪರಾಗ ಬೇಕು, ಅದಕ್ಕೇ ಇದನ್ನು ನಡುನಡುವೆ ನೆಟ್ಟಿರುತ್ತಾರೆ. ಕಾಯಿಯನ್ನು ಯಾರೂ ಕೇಳೋದಿಲ್ಲ. ಅಮ್ಮ ಕೇಳಿದಳು. ತೋಟದವರು ಬೇಕಾದಷ್ಟು ತಗೊಳ್ಳಿ ಅಂದರು. ತೊಟ್ಟು ಮುರಿಯದ ಹಾಗೆ ಒಂದೊಂದೇ ಬಿಡಿಸಿ ಸೆರಗಿಗೆ ಹಾಕಿಕೊಂಡಳು. ಮಿಡಿ ಕೊಯ್ಯುವವರ ಕೈ ಅದು.

ಗಂಡ ಮಂಡ್ಯದವರು, ಅವರಿಗೆ ಇದ್ಯಾವುದರಲ್ಲೂ ಆಸಕ್ತಿಯಿಲ್ಲ. ಅವರು ಬಂದದ್ದೇ ಸಿಡರ್ ಡೋನಟ್‌ಗೆ. ಸೇಬಿನ ರಸ ಹಾಕಿ ಕಲಸಿದ ಹಿಟ್ಟನ್ನು ಅಲ್ಲೇ ಕರಿದು, ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿ ಕೊಡುತ್ತಾರೆ. ಬಿಸಿ ಇರುವಾಗ ತಿನ್ನಬೇಕು, ಅದೂ ಕಣಜ ಬಂದು ಕೂರುವ ಮುಂಚೆ.

ವಾಪಸು ಬರುವಾಗ ಹಾರ್ವರ್ಡ್‌ನ ಪ್ರಾಸ್ಪೆಕ್ಟ್ ಹಿಲ್ ಹತ್ತಿದೆವು. ಅಲ್ಲೊಂದು ಹಳೇ ಫಾರ್ಮ್ ಇದೆ, ಹೆಸರು ಫ್ರೂಟ್‌ಲ್ಯಾಂಡ್ಸ್. 1843ರಲ್ಲಿ ಬ್ರಾನ್ಸನ್ ಆಲ್ಕಾಟ್ ಅನ್ನೋ ಚಿಂತಕರು ಮತ್ತು ಗೆಳೆಯರು ಆದರ್ಶ ಬದುಕು ಬದುಕುತ್ತೇವೆ ಅಂತ ಇಲ್ಲಿಗೆ ಬಂದರು. ಮಾಂಸ, ಹಾಲು, ಕಾಫಿ, ಟೀ ಏನೂ ಇಲ್ಲ. ಹತ್ತಿ ಗುಲಾಮರ ಬೆವರು ಅಂತ ಹತ್ತಿ ಬಟ್ಟೆ ಇಲ್ಲ, ಉಣ್ಣೆ ಕುರಿಯದ್ದು ಅಂತ ಅದೂ ಇಲ್ಲ. ನಾರಗಸೆಯ ಬಟ್ಟೆ ತೊಟ್ಟು ನ್ಯೂ ಇಂಗ್ಲೆಂಡಿನ ಚಳಿಗಾಲ ಎದುರಿಸಲು ಹೊರಟಿದ್ದರು. ಹೆಸರಿಗೆ ಹಣ್ಣಿನ ನಾಡು, ಇದ್ದದ್ದು ಹತ್ತರಷ್ಟು ಹಳೇ ಸೇಬಿನ ಮರ. ಏಳು ತಿಂಗಳಲ್ಲಿ ಗಂಟುಮೂಟೆ ಕಟ್ಟಿದರು. "ಕಾಫಿ ಬಿಟ್ಟಾಗಲೇ ಗೊತ್ತಾಗಬೇಕಿತ್ತು" ಅಂದಳು ಅಮ್ಮ.

ಭಾನುವಾರ

ರೂಟ್ 2 ಹಿಡಿದು ಪಶ್ಚಿಮಕ್ಕೆ, ಮೊಹಾಕ್ ಟ್ರೇಲ್ ಕಡೆ. ಮೇಪಲ್ ಎಲೆ ಕೆಂಪು, ಬರ್ಚ್ ಹಳದಿ, ಓಕ್ ಇನ್ನೂ ಹಸಿರು. ಚೆನ್ನಾಗಿತ್ತು. ಆ ಎಲೆಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯೋದಿಲ್ಲ. ಮುಂದಿನ ಕಾರಿನ ಬ್ರೇಕ್ ಲೈಟೂ ಅಷ್ಟೇ ಕೆಂಪಾಗಿತ್ತು, ಅದನ್ನೇ ಹೆಚ್ಚು ಹೊತ್ತು ನೋಡಿದೆವು.

ಶೆಲ್ಬರ್ನ್ ಗುಡ್ಡದ ಮೇಲಿನ ಒಂದು ಹಳೇ ತೋಟದಲ್ಲಿ ಇಳಿದೆವು. ಇಲ್ಲಿ ಮರಗಳು ದೊಡ್ಡವು, ಹಳೇ ತಳಿಗಳೂ ಇದ್ದವು. ಬಾಲ್ಡ್‌ವಿನ್ ಅನ್ನುವುದೊಂದು. ಮ್ಯಾಸಚೂಸೆಟ್ಸ್‌ನ ವಿಲ್ಮಿಂಗ್ಟನ್‌ನಲ್ಲಿ 1740ರ ಸುಮಾರಿಗೆ ಸಿಕ್ಕಿದ್ದು. ಒಂದು ಕಾಲಕ್ಕೆ ನ್ಯೂ ಇಂಗ್ಲೆಂಡ್ ಅಂದರೆ ಬಾಲ್ಡ್‌ವಿನ್. 1933-34ರ ಚಳಿಗಾಲ ಎಂಥದ್ದಿತ್ತು ಅಂದರೆ ಬಾಲ್ಡ್‌ವಿನ್ ಮರಗಳು ರಾಶಿರಾಶಿ ಸತ್ತವು. ರೈತರು ಆ ಜಾಗಕ್ಕೆ ಚಳಿ ತಡೆಯುವ ಮೆಕಿಂಟಾಷ್ ನೆಟ್ಟರು. ಶನಿವಾರ ಸಾಲುಸಾಲು ಮೆಕಿಂಟಾಷ್ ಕಂಡದ್ದಕ್ಕೆ ಅದೂ ಒಂದು ಕಾರಣ. ಫಸಲು ಕೊಡುವ ಮರ ಒಂದೇ ಚಳಿಗಾಲದಲ್ಲಿ ಹೋಗೋದು ಅಂದರೇನು ಅಂತ ಅಪ್ಪನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಇನ್ನೊಂದು ರಾಕ್ಸ್‌ಬರಿ ರಸೆಟ್. 1600ರ ದಶಕಗಳಲ್ಲಿ, ಈಗ ಬಾಸ್ಟನ್ನಿಗೆ ಸೇರಿರುವ ರಾಕ್ಸ್‌ಬರಿಯಲ್ಲಿ ಹುಟ್ಟಿದ್ದು. ಅಮೆರಿಕದ ಅತಿ ಹಳೆಯ ಸೇಬಿನ ತಳಿ ಇದೇ ಅನ್ನುತ್ತಾರೆ. ನೋಡಲು ಚಂದವಿಲ್ಲ. ಕಂದು ಬಣ್ಣ, ಸಿಪ್ಪೆ ಒರಟು, ಮುಟ್ಟಿದರೆ ತರಿತರಿ. ಈಗ ತಿಂದರೆ ಗಟ್ಟಿ, ಹುಳಿ. ತಂಪಿನಲ್ಲಿಟ್ಟು ಡಿಸೆಂಬರ್‌ವರೆಗೆ ಕಾದರೆ ಸಿಹಿಯಾಗುತ್ತದಂತೆ. ಫ್ರಿಜ್ ಇಲ್ಲದ ಕಾಲದಲ್ಲಿ ಚಳಿಗಾಲ ದಾಟಿಸುತ್ತಿದ್ದುದು ಇಂಥವೇ. ಒಂದು ಚೀಲ ತಗೊಂಡೆವು.

ಆ ತೋಟದಲ್ಲಿ ಸಿಡರ್ ಹಿಂಡುತ್ತಿದ್ದರು. ಇಲ್ಲಿ ಸಿಡರ್ ಅಂದರೆ ಸೋಸದ ಸೇಬಿನ ರಸ, ಅಮಲು ಬರಿಸುವಂಥದ್ದಲ್ಲ. ಅದಕ್ಕೆ ಬೇರೆ ಹೆಸರಿದೆ. ಪೆಟ್ಟಾದ, ಸೊಟ್ಟಗಿರುವ ಹಣ್ಣುಗಳನ್ನೆಲ್ಲ ತೊಳೆದು ಯಂತ್ರದಲ್ಲಿ ತುರಿಯುತ್ತಾರೆ. ಆ ತುರಿಯನ್ನು ಬಟ್ಟೆಯಲ್ಲಿ ಮಡಚಿ, ಮೇಲೊಂದು ಮರದ ಚೌಕಟ್ಟು, ಮತ್ತೆ ಬಟ್ಟೆ, ಮತ್ತೆ ಚೌಕಟ್ಟು. ಮೇಲಿಂದ ಒತ್ತಿದರೆ ಎಲ್ಲ ಬದಿಯಿಂದ ರಸ ಸುರಿಯುತ್ತದೆ. ಮೊದಲು ತಿಳಿಯಾಗಿ ಬರುತ್ತದೆ, ನೋಡನೋಡುತ್ತಲೇ ಕಂದಾಗುತ್ತದೆ. ಸಿಹಿ ವಾಸನೆ, ಕಣಜದ ಗುಂಯ್‌ಗುಟ್ಟುವಿಕೆ, ಕೈಗೆ ಕೊಟ್ಟ ಲೋಟದಲ್ಲಿ ಆಗಷ್ಟೇ ಹಿಂಡಿದ ರಸ. ನಾವು ಮೂವರೂ ಒಟ್ಟಿಗೇ "ಆಲೆಮನೆ!" ಅಂದೆವು. ಕೋಣ ಒಂದಿಲ್ಲ, ಒಲೆಯೂ ಇಲ್ಲ.

ಒಲೆ ಯಾಕಿಲ್ಲ ಅಂತ ಅಪ್ಪ ಕೇಳಿದರು. ಕೇಳಿದ್ದು ಒಳ್ಳೆಯದಾಯಿತು. ಅಂಗಡಿಯ ಮೂಲೆಯ ಶೆಲ್ಫಿನಲ್ಲಿ ಬಾಯ್ಲ್ಡ್ ಸಿಡರ್ ಅಂತ ಪುಟ್ಟ ಬಾಟಲಿಗಳಿದ್ದವು. ರಸವನ್ನು ಏಳರಲ್ಲಿ ಒಂದು ಪಾಲಾಗುವವರೆಗೆ ಕಾಯಿಸಿದ ಪಾಕ. ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ನ್ಯೂ ಇಂಗ್ಲೆಂಡಿನ ಮನೆಗಳಲ್ಲಿ ಸಿಹಿಗೆ ಅದನ್ನೇ ಹಾಕುತ್ತಿದ್ದರು. ಅಪ್ಪ ಬಾಟಲಿ ಬೇಡ ಅಂದರು. ಒಂದು ಗ್ಯಾಲನ್ ಹಸಿ ರಸ ತಗೊಂಡು, "ನಾವೇ ಕಾಯಿಸೋಣ" ಅಂದರು.

ಸೋಮವಾರ

ಅಡುಗೆಮನೆ ತುಂಬ ಸೇಬು. ಅಮ್ಮ ಎಲ್ಲವನ್ನೂ ನೆಲಕ್ಕೆ ಸುರಿದು ವಿಂಗಡಿಸಿದಳು. ಪೆಟ್ಟಾದದ್ದು ಇವತ್ತಿಗೆ, ಮೆತ್ತಗಾಗುವಂಥದ್ದು ಈ ವಾರಕ್ಕೆ, ಗಟ್ಟಿ ಇರುವುದು ಒಳಕ್ಕೆ. ಸೇಬು ತಾನೇ ಎಥಿಲೀನ್ ಅನಿಲ ಬಿಡುತ್ತದೆ, ಬುಟ್ಟಿಯಲ್ಲಿ ಒಂದು ಕೆಟ್ಟರೆ ಉಳಿದವೂ ಬೇಗ ಹಣ್ಣಾಗುತ್ತವೆ. ಬಾಳೆಹಣ್ಣು, ಸೊಪ್ಪಿನ ಹತ್ತಿರ ಇಡಬಾರದು. ಫ್ರಿಜ್ಜಿನ ಕೆಳಗಿನ ಡ್ರಾಯರೇ ಸರಿ, ಅಥವಾ ತಣ್ಣಗಿರುವ ಗ್ಯಾರೇಜು.

ಮೊದಲು ಅಪ್ಪೆಹುಳಿ. ಮಲೆನಾಡಿನ ಹೊರಗಿನವರಿಗೆ ಹೇಳುವುದಾದರೆ, ಇದು ಹುಳಿಮಾವಿನ ತಿಳಿ ಸಾರು. ಬೇಳೆ ಇಲ್ಲ, ಕಾಯಿ ಇಲ್ಲ, ಸಾರಿನ ಪುಡಿ ಇಲ್ಲ. ಅನ್ನಕ್ಕೆ ಕಲಸಿಕೊಳ್ಳಬಹುದು, ಆದರೆ ನಿಜವಾಗಿ ಕುಡಿಯಲಿಕ್ಕೆ. ಅಮ್ಮ ಎರಡು ಗ್ರೀನಿಂಗ್ ಸೇಬನ್ನು ನಾಲ್ಕು ಹೋಳು ಮಾಡಿ, ನಡುವಿನ ಬೀಜ ತೆಗೆದು, ಸಿಪ್ಪೆ ಸಮೇತ ಬೇಯಿಸಿದಳು. ಆರಿದ ಮೇಲೆ ಕೈಯಲ್ಲೇ ಕಿವುಚಿ, ನೀರು ಹಾಕಿ ಸೋಸಿದಳು. ಮಾವಿಗಿಂತ ಮಂದ ಬಂತು. ಸೇಬಿನಲ್ಲಿ ಪೆಕ್ಟಿನ್ ಅನ್ನೋ ಗಟ್ಟಿಯಾಗಿಸುವ ಅಂಶ ಜಾಸ್ತಿ, ಅದಕ್ಕೆ. ಇನ್ನೆರಡು ಲೋಟ ನೀರು. ಉಪ್ಪು, ಸೀಳಿದ ಹಸಿಮೆಣಸು. ಮಾವಿನಕಾಯಿಗೆ ಒಂದು ಚೂರು ಬೆಲ್ಲ ಹಾಕುತ್ತಾಳೆ, ಇದಕ್ಕೆ ಹಾಕಲಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಮತ್ತೆ ಇಂಗು. ಇಂಗು ಅಂದರೆ ಚಿಟಿಕೆ ಅಲ್ಲ, ಮನೆ ತುಂಬ ಬರುವಷ್ಟು.

ಲೋಟದಲ್ಲಿ ಕೊಟ್ಟಳು. ಅಪ್ಪ ಗುಟುಕು ಕುಡಿದು, ಒಂದು ನಿಮಿಷ ಸುಮ್ನೆ ಕೂತು, "ಹುಳಿ ಸರಿ ಇದೆ" ಅಂದರು. ಪರಿಮಳದ ಬಗ್ಗೆ ಮಾತಾಡಲಿಲ್ಲ. ಅಪ್ಪೆಯ ಪರಿಮಳ ಅದರ ಸೊನೆಯದ್ದು, ಅದು ಸೇಬಿನಲ್ಲಿ ಹುಡುಕಬಾರದು. ಆದರೆ ಗ್ರಾನಿ ಸ್ಮಿತ್‌ನಲ್ಲಿ ಮಾಡಿದಾಗ ಬರುವ ಪೆಪ್ಪರ್‌ಮಿಂಟಿನ ಥರದ ಸಿಹಿ ಇದರಲ್ಲಿ ಇರಲಿಲ್ಲ. ಹುಳಿ ನೆಟ್ಟಗೆ ಬಂದು ನೆಟ್ಟಗೆ ಹೋಗುತ್ತಿತ್ತು. ಗಂಡ ಮೂರು ಲೋಟ ಕುಡಿದು ಸೋಫಾದಲ್ಲಿ ನಿದ್ದೆ ಹೋದರು. ಅಪ್ಪೆಹುಳಿ ಕುಡಿದವರಿಗೆ ಅದೇ ಆಗೋದು.

ಊಟಕ್ಕೆ ಸೇಬಿನ ಸಾಸ್ಮೆ. ಇದಕ್ಕೆ ಕಾರ್ಟ್‌ಲ್ಯಾಂಡೇ ಆಗಬೇಕು, ಯಾಕೆಂದರೆ ಹೆಚ್ಚಿಟ್ಟರೂ ಬೇಗ ಕಪ್ಪಾಗೋದಿಲ್ಲ. ಇಲ್ಲಿನವರು ಸಲಾಡ್‌ಗೆ ಅದನ್ನು ಆರಿಸುವುದು ಇದೇ ಕಾರಣಕ್ಕೆ. ಕಾಯಿತುರಿ, ಅರ್ಧ ಚಮಚ ಸಾಸಿವೆ, ಒಂದು ಒಣಮೆಣಸು ನುಣ್ಣಗೆ ರುಬ್ಬಿ, ಮೊಸರಿಗೆ ಕಲಸಿ, ಉಪ್ಪು, ಬೆಲ್ಲ. ಸಿಪ್ಪೆ ತೆಗೆಯದೆ ಸಣ್ಣಗೆ ಹೆಚ್ಚಿದ ಸೇಬು ಅದರೊಳಗೆ. ಒಲೆ ಹಚ್ಚುವಂತಿಲ್ಲ. ಬಿಳಿ ಮೊಸರಿನಲ್ಲಿ ಬಿಳಿ ಹೋಳು, ಅಂಚಿಗೆ ಕೆಂಪು ಗೆರೆ. ಸಾಸಿವೆ ಮೂಗಿಗೆ ಏರುವ ಹೊತ್ತಿಗೆ ಸೇಬು ತಣ್ಣಗೆ ಸಿಗುತ್ತದೆ. ಮಾವಿನಹಣ್ಣಿನ ಸಾಸ್ಮೆಗಿಂತ ಇದು ಒಂದು ಕೈ ಮೇಲು ಅಂತ ನನ್ನ ಅಭಿಪ್ರಾಯ. ಅಮ್ಮ ಒಪ್ಪಿಲ್ಲ.

ಮೆಕಿಂಟಾಷ್ ಬೇಯಿಸಿದರೆ ನಿಲ್ಲೋದಿಲ್ಲ, ಕರಗಿ ಮುದ್ದೆಯಾಗುತ್ತದೆ. ಪೈ ಮಾಡುವವರಿಗೆ ಅದು ದೋಷ, ಶೀರಾ ಮಾಡುವವರಿಗೆ ವರ. ತುರಿದು ತುಪ್ಪದಲ್ಲಿ ಬಾಡಿಸಿ, ರವೆ ಹುರಿದು ಹಾಕಿ, ಸಕ್ಕರೆ ಕಮ್ಮಿ ಮಾಡಿ, ಏಲಕ್ಕಿ. ಮಗಳು ದಾಲ್ಚಿನ್ನಿ ಬೇಕು ಅಂತ ಹಟ ಹಿಡಿದಳು. ಸೇಬು ಅಂದರೆ ದಾಲ್ಚಿನ್ನಿ ಅಂತ ಅವಳ ಶಾಲೆ ಕಲಿಸಿದೆ. "ಶೀರಾಕ್ಕೆ ದಾಲ್ಚಿನ್ನಿಯಾ? ಪಲಾವ್ ಮಾಡ್ತಿದೀವಾ?" ಅಂದಳು ಅಮ್ಮ. ಕೊನೆಗೆ ಅವಳಿಗೆ ಬೇರೆ ಪಾತ್ರೆಯಲ್ಲಿ ಸೇಬು ಬೇಯಿಸಿ, ದಾಲ್ಚಿನ್ನಿ ಹಾಕಿ ಆಪಲ್‌ಸಾಸ್ ಮಾಡಿಕೊಟ್ಟೆ. ರಾತ್ರಿ ಅಮ್ಮ ಅದನ್ನೇ ದೋಸೆಗೆ ಹಚ್ಚಿಕೊಂಡು ತಿಂದಳು, ಅದು ಬೇರೆ ವಿಷಯ.

ಮಧ್ಯಾಹ್ನದಿಂದ ಸಂಜೆಯವರೆಗೆ ಒಲೆ ಅಪ್ಪನದು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಗ್ಯಾಲನ್, ಅಂದರೆ 3.8 ಲೀಟರ್ ರಸ. ಕುದಿ ಬಂದಾಗ ಕಂದು ನೊರೆ ಎದ್ದಿತು. ಅದನ್ನು ಹುಟ್ಟಿನಲ್ಲಿ ತೆಗೆಯುತ್ತ ನಿಂತರು. ಮೊದಲ ಒಂದು ಗಂಟೆ ಏನೂ ಆಗಲಿಲ್ಲ, ನೀರು ಆರುತ್ತಿತ್ತು, ಅಷ್ಟೇ. ಕಿಟಕಿ ಗಾಜು ಮಸುಕಾಯಿತು. ಅರ್ಧಕ್ಕಿಂತ ಕೆಳಗಿಳಿದ ಮೇಲೆ ಬಣ್ಣ ಕೆಂಪಿಗೆ ತಿರುಗಿತು, ಗುಳ್ಳೆ ಚಿಕ್ಕದಾಗಿ ಒತ್ತೊತ್ತಾಯಿತು. ಆಗ ಉರಿ ಸಣ್ಣ ಮಾಡಿದರು. ಚಮಚದಲ್ಲಿ ತೆಗೆದು ತಟ್ಟೆಗೆ ಬಿಟ್ಟು, ಓರೆ ಮಾಡಿ, ಹರಿಯುವುದನ್ನು ನೋಡಿದರು. ಬೆರಳಿಗೆ ಹಚ್ಚಿ ಎಳೆ ನೋಡಿದರು. "ಇಳಿಸು" ಅಂದರು. ಯಾವ ಥರ್ಮಾಮೀಟರೂ ಬೇಕಾಗಲಿಲ್ಲ. ಅಳೆದರೆ ಅರ್ಧ ಲೀಟರಿಗೆ ಒಂಚೂರು ಜಾಸ್ತಿ. ಏಳಕ್ಕೆ ಒಂದು, ಸರಿಯಾಗಿ.

ಜೋನಿ ಬೆಲ್ಲದ ಬಣ್ಣ, ಜೋನಿ ಬೆಲ್ಲದ ಓಟ. ನೆಕ್ಕಿದರೆ ಮಾತ್ರ ಹಿಂದಿನಿಂದ ಹುಳಿ ಒದೆಯುತ್ತದೆ. ಸಕ್ಕರೆಯ ಒಂದು ಕಾಳೂ ಹಾಕಿಲ್ಲ ಅಂದರೆ ನಂಬೋದು ಕಷ್ಟ. ಅಮ್ಮ ರಾತ್ರಿಗೆ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಹುಯ್ದಳು. ತೆಳ್ಳೇವು, ತುಪ್ಪ, ಮೇಲೆ ಈ ಸೇಬಿನ ಜೋನಿ. ಅವತ್ತು ಹಿಟ್ಟು ಕಡಿಮೆ ಬಿತ್ತು.

ಅಲ್ಲಿಂದೀಚೆಗೆ

ವಾರದ ದಿನ ಆಫೀಸು. ಅಡುಗೆ ಸಂಜೆಗೆ. ಗಂಡ ಒಂದು ದಿನ ಆಪಲ್ ಕ್ರಿಸ್ಪ್ ಮಾಡಿದರು. ಮಕೌನ್ ಹೋಳು, ಮೇಲೆ ಓಟ್ಸ್, ಬೆಣ್ಣೆ, ಕಂದು ಸಕ್ಕರೆ, ಓವನ್ನಿನಲ್ಲಿ ಮುಕ್ಕಾಲು ಗಂಟೆ. ಪೈಗೆ ಹಿಟ್ಟು ಲಟ್ಟಿಸುವ ರಗಳೆ ಇದಕ್ಕಿಲ್ಲ. ಗ್ರೀನಿಂಗ್‌ನಲ್ಲಿ ಚಿತ್ರಾನ್ನ ಆಯಿತು, ಗೊಜ್ಜು ಆಯಿತು, ಒಂದು ಬಾಟಲಿ ದಿಢೀರ್ ಉಪ್ಪಿನಕಾಯಿ ಆಯಿತು. ಹನಿಕ್ರಿಸ್ಪ್ ಆರೂ ಮಗಳ ಟಿಫಿನ್ ಡಬ್ಬಿಗೆ ಹೋದವು. ಅದಕ್ಕಿಂತ ಹೆಚ್ಚಿನ ಉಪಯೋಗ ಅದರದ್ದು ನನಗೆ ತೋಚಲಿಲ್ಲ.

ಬಾಟಲಿಯ ತಳದ ಸಿಡರ್ ಜೋನಿಯನ್ನು ಅಪ್ಪ ಇನ್ನಷ್ಟು ಕಾಯಿಸಿ ನೋಡಿದರು. ಆರಿದ ಮೇಲೆ ಅದು ಹರಿಯಲಿಲ್ಲ, ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿಯಾಗಿ ಕೂತಿತು. ಮತ್ತೆ ಪೆಕ್ಟಿನ್ ಕೆಲಸ. ಇಲ್ಲಿ ಸಿಡರ್ ಜೆಲ್ಲಿ ಅಂತ ಮಾರೋದು ಇದನ್ನೇ. ಅಪ್ಪನ ಪ್ರಕಾರ ಬೆಲ್ಲ ಇಷ್ಟು ಚೆನ್ನಾಗಿ ಅಚ್ಚಿಗೆ ಕೂರೋದಿಲ್ಲ.

ಊರಲ್ಲಿ ಸೇಬು ನೆಡುವ ಮಾತೂ ಬಂತು, ಬಾರದೆ ಇರುತ್ತಾ? ಈ ತಳಿಗಳಿಗೆ ಚಳಿಗಾಲದಲ್ಲಿ ಸಾವಿರ ಗಂಟೆಯ ಹತ್ತಿರ ತಣ್ಣನೆ ನಿದ್ದೆ ಬೇಕು, ಸಾಗರದಲ್ಲಿ ಅದೆಲ್ಲಿಂದ ತರೋದು. ಕಡ್ಡಿ ಬ್ಯಾಗಿನಲ್ಲಿಟ್ಟು ಒಯ್ಯಲು ಕಾನೂನೂ ಬಿಡೋದಿಲ್ಲ. ಕಡಿಮೆ ಚಳಿಗೂ ಹಣ್ಣು ಬಿಡುವ ಎಚ್‌ಆರ್‌ಎಂಎನ್ 99 ಅನ್ನೋ ತಳಿ ಇದೆ, ಹಿಮಾಚಲದ ಬಿಲಾಸಪುರದ ರೈತ ಹರಿಮನ್ ಶರ್ಮಾ ಬೆಳೆಸಿದ್ದು, ಕರ್ನಾಟಕದಲ್ಲೂ ನೆಟ್ಟವರಿದ್ದಾರೆ. ಅಪ್ಪ ಹೆಸರು ಬರೆದುಕೊಂಡಿದ್ದಾರೆ. ಮಲೆನಾಡಿನ ಜಡಿಮಳೆಯಲ್ಲಿ ಸ್ಕ್ಯಾಬ್ ಬಂದರೆ ಮೈಲುತುತ್ತ ಹೇಗೂ ಮನೆಯಲ್ಲಿದೆ ಅಂತ ಅವರ ಲೆಕ್ಕ.

ಕ್ರ್ಯಾಬ್ ಆಪಲ್‌ಗಳನ್ನು ಅಮ್ಮ ಮಿಡಿಗೆ ಮಾಡುವ ಕ್ರಮದಲ್ಲೇ ಉಪ್ಪಿನಲ್ಲಿ ಹಾಕಿದ್ದಳು. ಒಂದು ಪದರ ಕಾಯಿ, ಒಂದು ಪದರ ಕಲ್ಲುಪ್ಪು, ದಿನಾ ಜಾಡಿ ಅಲ್ಲಾಡಿಸೋದು. ಕೆಂಪು ಬಣ್ಣವೆಲ್ಲ ನೀರಿಗೆ ಬಿಟ್ಟು ಕಾಯಿ ಮಾಸಲಾಯಿತು, ಆದರೆ ಚಿರುಟಿತು, ಚೆನ್ನಾಗಿ ಚಿರುಟಿತು. ನವೆಂಬರ್ ಶುರುವಿಗೆ ಸಾಸಿವೆ, ಮೆಣಸಿನ ಖಾರ ಕಡೆದು ಹಾಕಿದಳು. ಮೊನ್ನೆ ಮಜ್ಜಿಗೆ ಅನ್ನದ ಜೊತೆ ಬಡಿಸಿದಳು. ಹಲ್ಲಿಗೆ ಕರಂ ಅನ್ನುತ್ತದೆ, ನಡುವೆ ಪುಟ್ಟ ಬೀಜ ಸಿಗುತ್ತದೆ, ಹುಳಿ ಜೊತೆಗೆ ಒಂದು ಒಗರು. "ಸೊನೆ ಇಲ್ಲ. ಮಿಡಿ ಅಂತ ಕರೀಬೇಡಿ" ಅಂದಳು. ಬೇರೆ ಹೆಸರು ಇನ್ನೂ ಇಟ್ಟಿಲ್ಲ, ಜಾಡಿ ಅರ್ಧ ಖಾಲಿಯಾಗಿದೆ.

ರಸೆಟ್ ಚೀಲ ಗ್ಯಾರೇಜಿನಲ್ಲಿದೆ. ಡಿಸೆಂಬರ್‌ವರೆಗೆ ಮುಟ್ಟಬೇಡಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ. ಸಿಹಿಯಾಯಿತಾ ಅಂತ ಅಪ್ಪ ಎರಡು ದಿನಕ್ಕೊಂದು ಕತ್ತರಿಸಿ ಪರೀಕ್ಷೆ ಮಾಡುತ್ತಿದ್ದಾರೆ. ಈ ಲೆಕ್ಕದಲ್ಲಿ ಡಿಸೆಂಬರ್‌ಗೆ ಚೀಲ ಮಾತ್ರ ಉಳಿಯುತ್ತದೆ.